ಕಂಬಕ್ಕೆ ಕಟ್ಟಿದ ಫಿಲ್ಟರ್ ಫಿಟ್ಟರನ ಉಸಿರನ್ನು ಅಳೆಯುವುದಿಲ್ಲ

ಪ್ರಶ್ನೆ: ನಾನು ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್. ಹಂಗಾಮು ಮುಗಿದ ಮೇಲೆ ಉಗಿ ಪೈಪುಗಳು ಕೂಡುವ ಫ್ಲ್ಯಾಂಜ್ ಬಿಚ್ಚಿ, ಉಗಿ ಸೋರದಂತೆ ನಡುವೆ ಇಟ್ಟ ಹಳೆಯ ಕಲ್ನಾರಿನ (ಆಸ್ಬೆಸ್ಟಾಸ್) ಗ್ಯಾಸ್ಕೆಟ್ ಕೆರೆದು ತೆಗೆಯುತ್ತೇವೆ. ಗಾಳಿಯ ಪರೀಕ್ಷೆ ಮಾಡಿಸಿ ‘ಮಿತಿಯೊಳಗಿದೆ’ ಎಂದು ವರದಿ ಕೊಟ್ಟಿದ್ದಾರೆ. ನಂಬಬಹುದೇ?

ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ, ಇಂಥ ವರದಿಗಳೂ ನಿಂತಿಲ್ಲ. ಅದಕ್ಕೇ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ. ಕೊನೆಯ ಅಂಕಿ ಹಾಗಿರಲಿ, ಪಂಪು ಎಳೆದ ಗಾಳಿಯಿಂದ ಕಲ್ನಾರಿನ ನಾರನ್ನು ಹಿಡಿಯುವ ಫಿಲ್ಟರ್ ಎಲ್ಲಿತ್ತು, ಎಷ್ಟು ಹೊತ್ತು ಇತ್ತು ಎಂದು ಮೊದಲು ಕೇಳಿ. ಶೆಡ್ಡಿನ ಕಂಬಕ್ಕೆ ಕಟ್ಟಿದ್ದರೆ ಆ ವರದಿ ನಿಮ್ಮದಲ್ಲ. ಪಂಪು ಕೆರೆಯುವವನ ಸೊಂಟದಲ್ಲಿರಬೇಕು, ಫಿಲ್ಟರಿನ ಡಬ್ಬಿ ಅವನ ಕಾಲರಿನಲ್ಲಿ ಕೆಳಮುಖವಾಗಿ ತೂಗಬೇಕು. ವೈರ್ ಬ್ರಷ್ ತಿರುಗುವಾಗ ನಾರು ಏಳುವುದು ಅವನ ಮೂಗಿನ ಮುಂದೆ.

ಇನ್ನು ಹೊತ್ತಿನ ಲೆಕ್ಕ. ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಶಾದ ಮಿತಿಯನ್ನೇ ತೆಗೆದುಕೊಳ್ಳೋಣ: ಎಂಟು ಗಂಟೆಯ ಸರಾಸರಿಯಲ್ಲಿ ಒಂದು ಘನ ಸೆಂಟಿಮೀಟರ್ ಗಾಳಿಗೆ 0.1 ನಾರು, ಅರ್ಧ ಗಂಟೆಯ ಸರಾಸರಿಯಲ್ಲಿ 1 ನಾರು. ನೀವು 20 ನಿಮಿಷ ಕೆರೆದಾಗ 2 ನಾರು ಇತ್ತು, ಉಳಿದ ದಿನ ಏನೂ ಇರಲಿಲ್ಲ ಎನ್ನಿ. ಎಂಟು ಗಂಟೆಗೆ ಹರಡಿದರೆ 0.083. ವರದಿ ಪಾಸು! ಅದೇ ಕೆಲಸವನ್ನು ಅರ್ಧ ಗಂಟೆಗೆ ಲೆಕ್ಕ ಹಾಕಿದರೆ 1.33, ಮಿತಿ ಮೀರಿತು. ಹೀಗಾಗಿ ಕೆರೆಯುವ ಹೊತ್ತಿಗೆಂದೇ ಬೇರೆ ಫಿಲ್ಟರ್ ಹಾಕಿಸಿ. ದಿನವಿಡೀ ಒಂದೇ ಫಿಲ್ಟರ್ ಓಡಿಸಿ ಸರಾಸರಿಯ ಮರೆಯಲ್ಲಿ ನಿಲ್ಲುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಫಿಲ್ಟರ್ ಕಪ್ಪಾಗಿತ್ತೇ ಎಂಬುದನ್ನೂ ವಿಚಾರಿಸಿ. ಗ್ರಾಫೈಟ್, ತುಕ್ಕು, ಮಸಿ ತುಂಬಿದ ಫಿಲ್ಟರಿನಲ್ಲಿ ನಾರು ಅಡಗಿಬಿಡುತ್ತದೆ, ಎಣಿಕೆ ಕಡಿಮೆ ಬರುತ್ತದೆ. ಅಂಥದ್ದನ್ನು ತಿರಸ್ಕರಿಸಿ ಮತ್ತೆ ಅಳೆಯಬೇಕು. ಸಾಮಾನ್ಯವಾಗಿ ಎಣಿಸುವುದು ಫೇಸ್ ಕಾಂಟ್ರಾಸ್ಟ್ ಸೂಕ್ಷ್ಮದರ್ಶಕದಲ್ಲಿ, 5 ಮೈಕ್ರಾನಿಗಿಂತ ಉದ್ದದ ನಾರುಗಳನ್ನು ಮಾತ್ರ. ತೀರಾ ತೆಳುವಾದವು ಅದಕ್ಕೆ ಕಾಣುವುದಿಲ್ಲ. ಗಾಜಿನ ನಾರು ಯಾವುದು, ಕಲ್ನಾರು ಯಾವುದು ಎಂದೂ ಅದು ಹೇಳದು. ‘ನಾರೆಲ್ಲ ಗಾಜಿನದೇ’ ಎಂದು ಯಾರಾದರೂ ವಾದಿಸಿದರೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ವರದಿ ತೋರಿಸಲಿ.

ಪರೀಕ್ಷೆಯ ದಿನ ಮಾತ್ರ ನೀರು ಚಿಮುಕಿಸಿ ಮೆಲ್ಲಗೆ ಕೆರೆಯುವುದು, ಮರುದಿನ ಒಣ ಗ್ಯಾಸ್ಕೆಟ್ಟಿಗೆ ಗ್ರೈಂಡರ್ ಹಚ್ಚುವುದು: ಇದನ್ನು ದಯವಿಟ್ಟು ಬಿಡಿ. ದಿನವೂ ಹೇಗೆ ಕೆರೆಯುತ್ತೀರೋ ಹಾಗೆ ಅಳೆಯಿರಿ. ಅಂಕಿ ಹೆಚ್ಚು ಬಂದರೆ ಪ್ರತಿದಿನವೂ ನೀರು ಹಾಕಿ, ಗ್ರೈಂಡರನ್ನು ದೂರವಿಡಿ.

ಪ್ರಶ್ನೆ: ಧೂಳು ಅಳೆಯುವ ಮೀಟರ್ ಇದೆ, ಸಾಲದೇ?

ಸಾಲದು. ಅದು ಧೂಳನ್ನು ತೋರಿಸುತ್ತದೆ, ನಾರನ್ನು ಎಣಿಸುವುದಿಲ್ಲ.

ಪ್ರಶ್ನೆ: ನಮ್ಮದು ಬಿಳಿ ಕಲ್ನಾರು. ಅಪಾಯವಿಲ್ಲವಂತೆ?

ಹಾಗೆಂದು ಮಾರುವವರು ಹೇಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಬಿಳಿಯದೂ ಸೇರಿ ಎಲ್ಲ ಬಗೆಯ ಕಲ್ನಾರನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲೇ ಇಟ್ಟಿದೆ.

ಪ್ರಶ್ನೆ: ಕೆಲಸ ಮುಗಿದ ಮೇಲೆ ಬೆಲ್ಲ ತಿಂದರೆ ಎದೆಯ ಧೂಳು ಇಳಿಯುತ್ತದೆಯೇ?

ಇಲ್ಲ. ಬೆಲ್ಲ ಹೋಗುವುದು ಹೊಟ್ಟೆಗೆ. ಶ್ವಾಸಕೋಶ ತೊಳೆಯುವ ಕಷಾಯವೆಂದು ಕಾರ್ಖಾನೆಯ ಗೇಟಿನಲ್ಲಿ ಬಾಟಲಿ ಮಾರುವವರಿಗೂ ಒಂದು ರೂಪಾಯಿ ಕೊಡಬೇಡಿ. ಒಳಗೆ ಹೂತ ನಾರನ್ನು ತೆಗೆಯುವ ಔಷಧ ಯಾವ ಪದ್ಧತಿಯಲ್ಲೂ ಇಲ್ಲ.