82 ಡಿಗ್ರಿ ಅಪಾಯವಲ್ಲ, ಆದರೆ ಮೊದಲು ಎಷ್ಟಿತ್ತು?

ಕಂಪ್ಯೂಟರ್ ಇಷ್ಟು ಬಿಸಿಯಾಗೋದು ಅಪಾಯವಾ ಅಂತ ಕೇಳಿ ನೀವು ಹಾಕಿದ ಸ್ಕ್ರೀನ್‌ಶಾಟ್ ಎರಡು ಸಲ ನೋಡಿದೆ. ಎಎಂಡಿ ಕಂಪನಿಯ ರೈಜನ್ 5 5600ಎಕ್ಸ್ ಪ್ರೊಸೆಸರ್ (ಮಷೀನಿನ ಮುಖ್ಯ ಚಿಪ್ಪು), ಅದನ್ನು ತಣ್ಣಗಿಡಲು ಡಬ್ಬಿಯಲ್ಲೇ ಬಂದ ಕೂಲರ್, ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್. ಸುಮ್ಮನಿದ್ದಾಗ ಪ್ರೊಸೆಸರ್ 42ರಿಂದ 60ರವರೆಗೆ ಏರಿಳಿಯುತ್ತೆ, ಗೇಮ್ ಆಡುವಾಗ 82, ಒಮ್ಮೆ 88 ಮುಟ್ಟಿದೆ. ಗ್ರಾಫಿಕ್ಸ್ ಕಾರ್ಡ್ 74, ಅದರ ಹಾಟ್‌ಸ್ಪಾಟ್ (ಅತಿ ಬಿಸಿಯ ಜಾಗ) 87, ಎಸ್‌ಎಸ್‌ಡಿ (ಫೈಲುಗಳನ್ನಿಡುವ ಡ್ರೈವ್) 61. ಮದರ್‌ಬೋರ್ಡಿನ ಒಂದು ಸೆನ್ಸರ್ ಮಾತ್ರ 127. "60 ದಾಟಿದರೆ ಸುಟ್ಟುಹೋಗುತ್ತೆ" ಅಂತ ಸ್ನೇಹಿತರು ಹೇಳಿದ್ದರಿಂದ ಎರಡು ದಿನದಿಂದ ಮಷೀನ್ ಆನ್ ಮಾಡಿಲ್ಲ ಅಂದಿದ್ದೀರಿ. ಧೈರ್ಯವಾಗಿ ಆನ್ ಮಾಡಿ. ಇದರಲ್ಲಿ ಯಾವುದೂ ಮಷೀನ್ ಕೆಡಿಸುವ ಅಂಕಿ ಅಲ್ಲ. ಆ 88ರ ಬಗ್ಗೆ ಮಾತ್ರ ಸ್ವಲ್ಪ ವಿಚಾರಿಸಬೇಕು, ಅದಕ್ಕೇ ಇಷ್ಟು ಉದ್ದ ಬರೀತಿದ್ದೀನಿ.

ಮೊದಲು 127ರ ಭಯ ಕಳೆಯೋಣ. ಮದರ್‌ಬೋರ್ಡ್ ಮೇಲಿರುವ ಸೆನ್ಸರ್ ಚಿಪ್ಪಿಗೆ ಹಲವು ಇನ್‌ಪುಟ್‌ಗಳಿರುತ್ತವೆ. ಬೋರ್ಡ್ ಮಾಡಿದವರು ಎಲ್ಲವನ್ನೂ ಬಳಸುವುದಿಲ್ಲ, ಕೆಲವಕ್ಕೆ ಏನೂ ಜೋಡಿಸದೆ ಬಿಟ್ಟಿರುತ್ತಾರೆ. ಅಂಥ ಖಾಲಿ ಇನ್‌ಪುಟ್ಟನ್ನು ಸಾಫ್ಟ್‌ವೇರ್ ಓದಿದಾಗ ಅರ್ಥವಿಲ್ಲದ ಅಂಕಿ ಬರುತ್ತೆ. ಎಂಟು ಬಿಟ್‌ನಲ್ಲಿ ಪ್ಲಸ್ಸು ಮೈನಸ್ಸು ಎರಡನ್ನೂ ಬರೆಯುವ ಲೆಕ್ಕದಲ್ಲಿ 127 ಅನ್ನುವುದು ಹಿಡಿಸುವ ಅತಿ ದೊಡ್ಡ ಸಂಖ್ಯೆ, ಹಾಗಾಗಿ ಎಷ್ಟೋ ಜನರ ಪರದೆಯ ಮೇಲೆ ಇದೇ ಅಂಕಿ ಕಾಣುತ್ತೆ. ಪರೀಕ್ಷೆ ಸುಲಭ: ಗೇಮ್ ಶುರು ಮಾಡಿದಾಗಲೂ ನಿಲ್ಲಿಸಿದಾಗಲೂ ಅದು ಅಲುಗಾಡದೆ ಕೂತಿದ್ದರೆ ಅದು ಬಿಸಿಯೇ ಅಲ್ಲ. ನಿಜವಾದ ಬಿಸಿ ಕೆಲಸದ ಜತೆ ಏರುತ್ತೆ, ಇಳಿಯುತ್ತೆ.

60ರ ಮಾತನ್ನು ಸ್ನೇಹಿತರು ಎಲ್ಲಿಂದಲೋ ತಂದದ್ದಲ್ಲ, ಅದು ಹಳೆಯ ಕಾಲದ ನಿಜ. 2012ರ ಎಫ್‌ಎಕ್ಸ್-8350 ಪ್ರೊಸೆಸರಿಗೆ ಎಎಂಡಿಯೇ ಕೊಟ್ಟ ಗರಿಷ್ಠ ಮಿತಿ ಸುಮಾರು 61 ಡಿಗ್ರಿ. ಅದಕ್ಕೂ ಹಿಂದೆ, 2001ರ ಸುಮಾರಿನ ಅಥ್ಲಾನ್ ಚಿಪ್ಪಿನ ಮೇಲಿಂದ ಹೀಟ್‌ಸಿಂಕ್ (ಬಿಸಿ ಹೀರುವ ಲೋಹದ ತುಂಡು) ತೆಗೆದರೆ ಕ್ಷಣಗಳಲ್ಲಿ ಸುಟ್ಟುಹೋಗುತ್ತಿತ್ತು. ಆ ಕಾಲ ನೋಡಿದವರಿಗೆ ಹೆದರಿಕೆ ಸಹಜ. ಆದರೆ ನಿಮ್ಮ 5600ಎಕ್ಸ್‌ಗೆ ಎಎಂಡಿ ಕೊಟ್ಟಿರುವ ಮಿತಿ 95. ಅದರ ಅಣ್ಣ 5800ಎಕ್ಸ್‌ಗೆ 90, 7800ಎಕ್ಸ್3ಡಿಗೆ 89, ಇಂಟೆಲ್‌ನ ಐ5-12400ಕ್ಕೆ 100. ಒಂದೇ ಕಂಪನಿಯ ಅಕ್ಕಪಕ್ಕದ ಮಾಡೆಲ್‌ಗಳಲ್ಲೇ ಇಷ್ಟು ವ್ಯತ್ಯಾಸ ಇರುವಾಗ "ಕಂಪ್ಯೂಟರ್ ಎಷ್ಟು ಬಿಸಿಯಾಗಬಹುದು" ಅನ್ನುವ ಪ್ರಶ್ನೆಗೆ ಒಂದೇ ಉತ್ತರ ಇಲ್ಲ. ನಿಮ್ಮ ಮಾಡೆಲ್ ನಂಬರ್ ಹಿಡಿದು ತಯಾರಕರ ಪುಟದಲ್ಲೇ ನೋಡಬೇಕು. ಈಗಿನ ಚಿಪ್ಪುಗಳು ಮಿತಿ ಹತ್ತಿರ ಬಂದಾಗ ತಾವೇ ವೇಗ ತಗ್ಗಿಸುತ್ತವೆ, ಅದಕ್ಕೂ ಬಗ್ಗದಿದ್ದರೆ ಮಷೀನನ್ನೇ ಆಫ್ ಮಾಡುತ್ತವೆ.

ಸುಮ್ಮನಿದ್ದಾಗ 42ರಿಂದ 60ಕ್ಕೆ ಹಾರುವುದು ಈ ಪ್ರೊಸೆಸರಿನ ಸ್ವಭಾವ. ಹಿನ್ನೆಲೆಯಲ್ಲಿ ಏನೋ ಒಂದು ಚಿಕ್ಕ ಕೆಲಸ ಬಂತು ಅಂದರೆ ಚಿಪ್ಪಿನೊಳಗಿನ ಒಂದು ಕೋರ್ (ಕೆಲಸ ಮಾಡುವ ಭಾಗ) ವೇಗದಲ್ಲಿ 4.6 ಗಿಗಾಹರ್ಟ್ಜ್‌ವರೆಗೆ ಜಿಗಿಯುತ್ತೆ, ಉಗುರಿನಷ್ಟು ಜಾಗದಲ್ಲಿ ಅಷ್ಟೂ ಬಿಸಿ ಹುಟ್ಟುತ್ತೆ, ಮರುಕ್ಷಣ ಇಳಿಯುತ್ತೆ. ಅದರ ಜತೆ ಫ್ಯಾನ್ ಕೂಡ ಹೊಯ್ಯೋ ಅಂತ ಏರಿಳಿದು ಕಿರಿಕಿರಿ ಆಗುತ್ತಿದ್ದರೆ ಬಯೋಸ್‌ನಲ್ಲಿ (ಮಷೀನ್ ಆನ್ ಆಗುವಾಗ ತೆರೆಯುವ ಮದರ್‌ಬೋರ್ಡಿನ ಸೆಟ್ಟಿಂಗ್) ಫ್ಯಾನ್ ನಿಧಾನವಾಗಿ ಸ್ಪಂದಿಸುವ ಹಾಗೆ ಕೆಲವು ಸೆಕೆಂಡ್ ತಡ ಇಟ್ಟುಕೊಳ್ಳಿ.

ಈಗ 88ರ ವಿಷಯ. ನೀವು ಒಂದು ಮುಖ್ಯ ವಿವರ ಕೊಟ್ಟಿಲ್ಲ: ಆಗ ಕೋಣೆ ಎಷ್ಟು ಬಿಸಿ ಇತ್ತು? ಫ್ಯಾನ್ ವೇಗ, ಕೆಲಸ ಎರಡೂ ಅಷ್ಟೇ ಇದ್ದರೆ ಕೋಣೆ 10 ಡಿಗ್ರಿ ಏರಿದಾಗ ಚಿಪ್ಪೂ ಹೆಚ್ಚುಕಡಿಮೆ 10 ಏರುತ್ತೆ. ಕೂಲರ್ ಎಷ್ಟೇ ಒಳ್ಳೆಯದಿರಲಿ, ಗಾಳಿಗಿಂತ ತಣ್ಣಗೆ ಮಾಡಲಾರದು. 34 ಡಿಗ್ರಿ ಕೋಣೆಯಲ್ಲಿ 88 ಅಂದರೆ ಗಾಳಿಗಿಂತ 54 ಮೇಲೆ. 22 ಡಿಗ್ರಿ ಕೋಣೆಯಲ್ಲಿ ಅದೇ 88 ಬಂದರೆ 66 ಮೇಲೆ. ಎರಡನೆಯದರಲ್ಲಿ ಕೂಲರ್ ಸರಿಯಾಗಿ ದುಡಿಯುತ್ತಿಲ್ಲ ಅಂತ ಅರ್ಥ. ಹಾಗಾಗಿ ಮೇಜಿನ ಮೇಲೆ ಒಂದು ಸಾದಾ ಥರ್ಮಾಮೀಟರ್ ಇಟ್ಟುಕೊಳ್ಳಿ, ಬರೆದಿಡುವಾಗ ಆ ಅಂಕಿ ಕಳೆದು ಬರೆದಿಡಿ. (ರೈಜನ್ 7000 ಸಾಲಿನ 7600ಎಕ್ಸ್, 7700ಎಕ್ಸ್‌ನಂಥ ಮಾಡೆಲ್‌ಗಳಿಗೆ ಈ ಲೆಕ್ಕ ನಡೆಯದು. ಅವು ಪೂರ್ಣ ಲೋಡಿನಲ್ಲಿ 95 ಮುಟ್ಟಿ ಅಲ್ಲೇ ನಿಂತು ಓಡುವಂತೆ ಮಾಡಿದವು. ಅವುಗಳಲ್ಲಿ ಡಿಗ್ರಿಗಿಂತ ಗಿಗಾಹರ್ಟ್ಜ್ ನೋಡಬೇಕು.)

ನಾನು ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ನನ್ನ ಹಳೆಯ ಮಷೀನಿನಲ್ಲಿ ವಿಡಿಯೋ ರೆಂಡರ್ ಮಾಡುವಾಗ ಒಂದೂವರೆ ವರ್ಷ 71-72 ಇರುತ್ತಿತ್ತು. ಆಮೇಲೆ 78 ಆಯ್ತು, 84 ಆಯ್ತು, ಒಂದು ದಿನ 93. ಮಿತಿ 100 ಇದೆಯಲ್ಲ ಅಂತ ಬಿಟ್ಟಿದ್ದೆ. ಕೊನೆಗೆ ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆದು ಕೂಲರಿನ ಒಂದು ಮೂಲೆ ಬೆರಳಲ್ಲಿ ಒತ್ತಿದರೆ ಅದು ಸಣ್ಣಗೆ ಅಲ್ಲಾಡಿತು. ನಾಲ್ಕು ಪ್ಲಾಸ್ಟಿಕ್ ಪಿನ್ನುಗಳ ಮೇಲೆ ನಿಲ್ಲುವ ಕೂಲರ್ ಅದು. ರ‍್ಯಾಮ್ ಕಡೆಯ ಪಿನ್ ರಂಧ್ರದಿಂದ ಅರ್ಧ ಮೇಲೆ ಬಂದಿತ್ತು. ತೆಗೆದು ನೋಡಿದಾಗ ಚಿಪ್ಪಿನ ಒಂದು ಬದಿಯಲ್ಲಿ ಪೇಸ್ಟ್ (ಚಿಪ್ಪಿನ ಬಿಸಿ ಕೂಲರಿಗೆ ದಾಟಲು ನಡುವೆ ಹಚ್ಚುವ ಲೇಪ) ತೆಳುವಾಗಿ ಹರಡಿತ್ತು, ಇನ್ನೊಂದು ಬದಿಯಲ್ಲಿ ದಪ್ಪಗೆ ಒಣಗಿ ಬಿರುಕು ಬಿಟ್ಟಿತ್ತು. ಒರೆಸಿ, ಹೊಸ ಪೇಸ್ಟ್ ಹಾಕಿ, ಎದುರುಬದುರು ಪಿನ್ನುಗಳನ್ನು ಟಕ್ ಅನ್ನುವವರೆಗೆ ಒತ್ತಿದೆ. ಅದೇ ರೆಂಡರ್, 73. ಅಷ್ಟು ತಿಂಗಳೂ ಅಂಕಿ ಮಿತಿಯ ಒಳಗೇ ಇತ್ತು, ಆದರೆ ಮಷೀನ್ ಸರಿ ಇರಲಿಲ್ಲ. ಅಂದಿನಿಂದ ನಾನು ಮಿತಿ ಒಂದು ಸಲ ನೋಡುತ್ತೇನೆ, ಹಿಂದಿನ ತಿಂಗಳು ಎಷ್ಟಿತ್ತು ಅಂತ ಪ್ರತಿ ಸಲ ನೋಡುತ್ತೇನೆ.

ಬಿಸಿ ಎಷ್ಟು ಬೇಗ ಏರುತ್ತೆ ಅನ್ನುವುದರಲ್ಲೇ ಕಾರಣವೂ ಸಿಗುತ್ತೆ. ಬಿಸಿ, ವೇಗ ತೋರಿಸುವ ಎಚ್‌ಡಬ್ಲ್ಯೂಇನ್ಫೋ ತೆರೆದಿಟ್ಟು, ಪ್ರೊಸೆಸರಿಗೆ ಪೂರ್ತಿ ಕೆಲಸ ಕೊಡುವ ಸಿನೆಬೆಂಚ್ ಹತ್ತು ನಿಮಿಷ ಓಡಿಸಿ ನೋಡಿ. ಶುರುವಿನಲ್ಲಿ ಒಮ್ಮೆಲೇ 20-30 ಡಿಗ್ರಿ ಜಿಗಿದು, ಆಮೇಲೆ ನಿಧಾನ ಏರಿ ಒಂದು ಕಡೆ ನಿಂತರೆ ಸರಿ ಇದೆ. ಎರಡು ಮೂರು ಸೆಕೆಂಡಿನಲ್ಲೇ ನೇರ 95ಕ್ಕೆ ಹೋಗಿ ಬಡಿದರೆ ಕೂಲರ್ ಚಿಪ್ಪಿಗೆ ಸರಿಯಾಗಿ ತಾಗಿಲ್ಲ: ಸ್ಕ್ರೂ ಸಡಿಲ, ಪೇಸ್ಟ್ ಇಲ್ಲ, ಹೊಸ ಕೂಲರಿನ ತಳದ ಪ್ಲಾಸ್ಟಿಕ್ ಹಾಳೆ ತೆಗೆದಿಲ್ಲ, ಲಿಕ್ವಿಡ್ ಕೂಲರ್ ಆದರೆ ಪಂಪ್ ನಿಂತಿದೆ. ಬಿಸಿ ಎಲ್ಲೂ ನಿಲ್ಲದೆ ಇಪ್ಪತ್ತು ನಿಮಿಷ ಏರುತ್ತಲೇ ಇದ್ದರೆ ಕ್ಯಾಬಿನೆಟ್ ಒಳಗಿನ ಬಿಸಿ ಗಾಳಿ ಹೊರಗೆ ಹೋಗುತ್ತಿಲ್ಲ. ಇದನ್ನು ಖಚಿತ ಮಾಡಿಕೊಳ್ಳಲು ಪಕ್ಕದ ಬಾಗಿಲು ತೆಗೆದು ಅದೇ ಗೇಮ್ ಅರ್ಧ ಗಂಟೆ ಆಡಿ. ಎಂಟು ಹತ್ತು ಡಿಗ್ರಿ ಇಳಿದರೆ ತೊಂದರೆ ಗಾಳಿಯದು, ಎದುರಿನ ಜಾಲರಿಯ ಧೂಳು ತೆಗೆಯಿರಿ, ಫ್ಯಾನ್‌ಗಳು ಮುಂದಿನಿಂದ ಎಳೆದು ಹಿಂದಕ್ಕೆ ತಳ್ಳುತ್ತಿವೆಯಾ ನೋಡಿ. ಒಂದೆರಡು ಡಿಗ್ರಿ ಮಾತ್ರ ಇಳಿದರೆ ಕೂಲರ್ ಅಥವಾ ಪೇಸ್ಟ್ ಕಡೆ ನೋಡಬೇಕು.

ಅದೇ ಹೊತ್ತಿಗೆ ಗಿಗಾಹರ್ಟ್ಜ್ ಸಾಲಿನ ಮೇಲೂ ಕಣ್ಣಿರಲಿ. ನಿಮ್ಮ ಪ್ರೊಸೆಸರಿನ ಬೇಸ್ ವೇಗ 3.7. ಬಿಸಿ 95ರ ಬಳಿ ನಿಂತು ವೇಗ ಅದಕ್ಕಿಂತ ಕೆಳಗೆ ಬಿದ್ದರೆ ಅದು ನಿಜವಾದ ಥ್ರಾಟಲಿಂಗ್ (ಬಿಸಿ ತಾಳದೆ ವೇಗ ತಗ್ಗಿಸುವುದು), ರಿಪೇರಿ ಬೇಕು. 88ರಲ್ಲೂ 4.3, 4.4 ತೋರಿಸುತ್ತಿದ್ದರೆ ಚಿಪ್ಪು ಆರಾಮಾಗಿದೆ. ಚಿಪ್ಪನ್ನು ಅತಿಯಾಗಿ ದುಡಿಸಿ ಪರೀಕ್ಷಿಸುವ ಪ್ರೈಮ್95 ಅಥವಾ ಫರ್‌ಮಾರ್ಕ್ ಓಡಿಸಿ ಬಂದ ಅಂಕಿ ನೋಡಿ ಹೆದರಬೇಡಿ, ದಿನನಿತ್ಯದ ಯಾವ ಕೆಲಸವೂ ಅಷ್ಟು ಬಿಸಿ ಹುಟ್ಟಿಸುವುದಿಲ್ಲ.

ಉಳಿದ ಭಾಗಗಳು ಚೆನ್ನಾಗಿವೆ. 3060ಕ್ಕೆ ಎನ್‌ವಿಡಿಯಾ ಕೊಟ್ಟ ಮಿತಿ 93, ನಿಮ್ಮದು 74. ಹಾಟ್‌ಸ್ಪಾಟ್ ಕಾರ್ಡಿನ ಅಂಕಿಗಿಂತ 10-15 ಮೇಲಿರುವುದು ಸಾಮಾನ್ಯ, ಈ ಅಂತರ 25 ದಾಟಿದರೆ ಕಾರ್ಡಿನ ಪೇಸ್ಟ್ ಮೇಲೆ ಅನುಮಾನ ಪಡಿ. ಎಸ್‌ಎಸ್‌ಡಿ 61 ಪರವಾಗಿಲ್ಲ, ಬಹುಪಾಲು ಎನ್‌ವಿಎಂಇ (ಮದರ್‌ಬೋರ್ಡಿಗೇ ಸಿಕ್ಕಿಸುವ ವೇಗದ) ಎಸ್‌ಎಸ್‌ಡಿಗಳ ಮಿತಿ 70. ಅದು ಕಾರ್ಡಿನ ಕೆಳಗೇ ಕೂತಿದ್ದರೆ ಒಂದು ಚಿಕ್ಕ ಹೀಟ್‌ಸಿಂಕ್ ಹಾಕುವುದು ಒಳ್ಳೆಯದು.

"ಮಿತಿಯ ಒಳಗೆ ಇದ್ದರೂ ಬಿಸಿಯಿಂದ ಆಯುಸ್ಸು ಕಡಿಮೆ ಆಗಲ್ವಾ" ಅಂತ ಕೆಳಗೆ ಒಬ್ಬರು ಕೇಳಿದ್ದಾರೆ. ಆಗುತ್ತೆ, ಆದರೆ ಚಿಪ್ಪಿಗಿಂತ ಮೊದಲು ಅದರ ಸುತ್ತಲಿನದಕ್ಕೆ. ಪವರ್ ಸಪ್ಲೈ ಒಳಗಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ 10 ಡಿಗ್ರಿ ತಣ್ಣಗಿದ್ದರೆ ಸುಮಾರು ಎರಡು ಪಟ್ಟು ಬಾಳುತ್ತೆ ಅನ್ನುವುದು ಈ ಕೆಲಸದಲ್ಲಿರುವವರ ಹಳೆಯ ಲೆಕ್ಕ. ಚಿಪ್ಪಿಗೆ ಬಿಸಿಗಿಂತ ವೋಲ್ಟೇಜ್ ದೊಡ್ಡ ಶತ್ರು. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರುಗಳು ಕೆಟ್ಟಾಗ 2024ರಲ್ಲಿ ಕಂಪನಿಯೇ ಹೇಳಿದ ಕಾರಣ ಅತಿಯಾದ ವೋಲ್ಟೇಜ್. ಹಾಗಾಗಿ ಬಯೋಸ್‌ನಲ್ಲಿ ಕೈಯಾರೆ ವೋಲ್ಟೇಜ್ ಏರಿಸಿದ್ದರೆ ಮೊದಲು ಅದನ್ನು ಮೊದಲಿನಂತೆ ಮಾಡಿ.

ಕೂಲರ್ ತೆಗೆಯಲೇಬೇಕಾದರೆ ಒಂದು ಎಚ್ಚರಿಕೆ, ದಯವಿಟ್ಟು ಇದನ್ನು ಬಿಡಬೇಡಿ. ನಿಮ್ಮದು ಎಎಂ4 ಸಾಕೆಟ್ (ಮದರ್‌ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ). ಪೇಸ್ಟ್ ಒಣಗಿ ಅಂಟಿಕೊಂಡಿದ್ದಾಗ ನೇರ ಮೇಲಕ್ಕೆ ಎಳೆದರೆ ಲಾಕ್ ಹಾಕಿದ್ದರೂ ಪ್ರೊಸೆಸರ್ ಕೂಲರ್ ಜತೆಗೇ ಕಿತ್ತು ಬರಬಹುದು, ಅದರ ಪಿನ್ನುಗಳು ಬಾಗಬಹುದು. ಮೊದಲು ಹತ್ತು ಹದಿನೈದು ನಿಮಿಷ ಗೇಮ್ ಓಡಿಸಿ ಪೇಸ್ಟ್ ಮೆತ್ತಗಾಗಲು ಬಿಡಿ. ಆಫ್ ಮಾಡಿ, ಪ್ಲಗ್ ಕೀಳಿ, ಸ್ಕ್ರೂ ಬಿಚ್ಚಿ, ಕೂಲರನ್ನು ಎಡಕ್ಕೂ ಬಲಕ್ಕೂ ಸ್ವಲ್ಪ ಸ್ವಲ್ಪ ತಿರುಗಿಸಿ, ಅದು ತಾನಾಗಿ ಸಡಿಲವಾದ ಮೇಲೆ ಎತ್ತಿ. ಧೂಳು ಊದುವಾಗ ಫ್ಯಾನ್ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಳ್ಳಿ, ಗಾಳಿಗೆ ಅತಿಯಾಗಿ ತಿರುಗಿದರೆ ಬೇರಿಂಗ್ ಹೋಗುತ್ತೆ.

ಇನ್ನು ಸುಟ್ಟ ವಾಸನೆ ಬಂದರೆ, ಮಷೀನ್ ಮತ್ತೆ ಮತ್ತೆ ತಾನಾಗಿ ಆಫ್ ಆದರೆ, ಅಥವಾ ಲ್ಯಾಪ್‌ಟಾಪ್ ಆಗಿದ್ದು ಟಚ್‌ಪ್ಯಾಡ್ ಮೇಲಕ್ಕೆ ಉಬ್ಬಿದ್ದರೆ ಅಂಕಿ ನೋಡುತ್ತಾ ಕೂರಬೇಡಿ. ಆ ಕೂಡಲೇ ಪ್ಲಗ್ ಕಿತ್ತು ತಿಳಿದವರಿಗೆ ತೋರಿಸಿ. ಉಬ್ಬಿದ ಬ್ಯಾಟರಿಯನ್ನು ಒತ್ತುವುದು, ಚುಚ್ಚುವುದು ಬೇಡವೇ ಬೇಡ.

ಇವತ್ತು ಸಂಜೆ ಕ್ಯಾಬಿನೆಟ್ ಬಾಗಿಲು ಹಾಕಿ ಅರ್ಧ ಗಂಟೆ, ತೆಗೆದು ಅರ್ಧ ಗಂಟೆ ಅದೇ ಗೇಮ್ ಆಡಿ. ಎರಡೂ ಸಲದ ಡಿಗ್ರಿ, ಗಿಗಾಹರ್ಟ್ಜ್, ಕೋಣೆಯ ಬಿಸಿ ಮೂರನ್ನೂ ಇಲ್ಲೇ ಹಾಕಿ. ನೋಡಿ ಹೇಳ್ತೀನಿ ಕೂಲರ್ ಬಿಚ್ಚಬೇಕಾ, ಬರೀ ಜಾಲರಿ ತೊಳೆದರೆ ಸಾಕಾ ಅಂತ.