ರಿವಾಲ್ವರಿಗೂ ರೈಫಲ್ಲಿಗೂ ಒಂದೇ ತೋಟೆ

ಪ್ರಶ್ನೆ: ನನ್ನ ಭಾವ ಅಮೆರಿಕದ ಮೊಂಟಾನಾದಲ್ಲಿದ್ದಾರೆ, ಪೇಟೆಯಿಂದ ದೂರ ಜಾಗ ಮಾಡಿ ದನ ಸಾಕಿದ್ದಾರೆ. ಅವರ ಹತ್ರ .357 ಮ್ಯಾಗ್ನಮ್ ರಿವಾಲ್ವರ್ ಉಂಟು. ಅದೇ ತೋಟೆ ಹಾಕುವ ಲಿವರ್ ರೈಫಲ್ (ಅಡಿಯ ಹಿಡಿಕೆ ಆಡಿಸಿ ತೋಟೆ ಏರಿಸುವಂಥದ್ದು) ಒಂದನ್ನು ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವ ಯೋಚನೆ. ಅಂಗಡಿಯಲ್ಲಿ ಮಾರ್ಲಿನ್ 1894, ರೊಸ್ಸಿ 92, ವಿಂಚೆಸ್ಟರ್ 94 ಮೂರೂ ಇವೆಯಂತೆ. ಯಾವುದು ಒಳ್ಳೆಯದು?
– ಓದುಗರು, ಬದಿಯಡ್ಕ

ಉತ್ತರ: ಯೋಚನೆ ಒಳ್ಳೆಯದೇ. ಒಂದೇ ಪೆಟ್ಟಿಗೆ ತೋಟೆ ತಂದರೆ ಎರಡಕ್ಕೂ ಆಯಿತು. ಅದಕ್ಕಿಂತ ದೊಡ್ಡ ಲಾಭ ಇನ್ನೊಂದು ಉಂಟು. ನಾಲ್ಕಿಂಚಿನ ರಿವಾಲ್ವರಿನಿಂದ .357 ಗುಂಡು ಸೆಕೆಂಡಿಗೆ ಸುಮಾರು 1,200 ಅಡಿ ವೇಗದಲ್ಲಿ ಹೊರಡುತ್ತದೆ. ಹದಿನೆಂಟು ಇಂಚಿನ ನಳಿಗೆಯ ರೈಫಲ್ಲಿನಲ್ಲಿ ಅದೇ ತೋಟೆ 1,800ರ ಹತ್ತಿರ ಹೋಗುತ್ತದೆ. ಮದ್ದು ಪೂರ್ತಿ ಉರಿಯಲು ಉದ್ದ ನಳಿಗೆಯಲ್ಲಿ ಸಮಯ ಸಿಗುತ್ತದೆ, ರಿವಾಲ್ವರಿನ ಸಿಲಿಂಡರಿಗೂ ನಳಿಗೆಗೂ ಮಧ್ಯೆ ಇರುವ ಸಂದಿನಿಂದ ಗ್ಯಾಸ್ ಸೋರುವ ತಾಪತ್ರಯವೂ ಇಲ್ಲ. .357 ರೈಫಲ್ಲಿಗೆ ಅಷ್ಟೇ ದಪ್ಪದ, ಸ್ವಲ್ಪ ಗಿಡ್ಡದಾದ .38 ಸ್ಪೆಷಲ್ ತೋಟೆಯನ್ನೂ ಹಾಕಬಹುದು, ಸದ್ದೂ ಕಮ್ಮಿ, ಒದೆತವೂ ಕಮ್ಮಿ, ಗುರಿ ಅಭ್ಯಾಸಕ್ಕೆ ಅದೇ ಸಾಕು. ತಿರುಗಾ ಮುರುಗಾ ಮಾತ್ರ ಆಗಬಾರದು. .38ಕ್ಕೆ ಅಂತಲೇ ಮಾಡಿದ ಕೋವಿಗೆ .357 ಹಾಕುವ ಪ್ರಯತ್ನವೇ ಬೇಡ.

ಇನ್ನು ಮೂರು ರೈಫಲ್ಲುಗಳ ವಿಷಯ. ವಿಂಚೆಸ್ಟರ್ 94ರ ವಿನ್ಯಾಸ ಮೂಲದಲ್ಲಿ .30-30ರಂತಹ ಉದ್ದ ತೋಟೆಗೆ ಆದದ್ದು. ಗಿಡ್ಡ ತೋಟೆಗೆ ಲಿವರಿನ ಅಷ್ಟು ಉದ್ದದ ಓಟ ಬೇಕಾಗಿಲ್ಲ, ಹಾಗಾಗಿ ಈ ಕೆಲಸಕ್ಕೆ ಅದು ನನ್ನ ಮೊದಲ ಆಯ್ಕೆ ಅಲ್ಲ. ರೊಸ್ಸಿ ಬ್ರೆಜಿಲಿನದು, ಜಾನ್ ಬ್ರೌನಿಂಗ್ ವಿಂಚೆಸ್ಟರಿಗೆ ಮಾಡಿಕೊಟ್ಟ 1892ರ ವಿನ್ಯಾಸದ ನಕಲು. ತುಂಬ ಗಟ್ಟಿ. ಹೊಸದರಲ್ಲಿ ಲಿವರ್ ಸ್ವಲ್ಪ ಒರಟು, ಬಳಸಿ ಬಳಸಿ ನಯವಾಗುತ್ತದೆ, ಆದ್ದರಿಂದ ಹಳೆಯದೇ ಸಿಗುವುದು ಅನುಕೂಲ. ಮಾರ್ಲಿನ್ ಕಂಪೆನಿ 2007ರ ಕೊನೆಗೆ ರೆಮಿಂಗ್ಟನ್ ಕೈಗೆ ಹೋಯಿತು, 2020ರಲ್ಲಿ ರೂಗರ್ ಕೈಗೆ. ರೆಮಿಂಗ್ಟನ್ನಿಗಿಂತ ಮೊದಲಿನವಕ್ಕೆ ನಳಿಗೆಯ ಬುಡದಲ್ಲಿ ಜೆಎಮ್ ಅಂತ ಸಣ್ಣ ಮುದ್ರೆ ಇರುತ್ತದೆ, ಅದಕ್ಕಾಗಿ ಜನ ಜಾಸ್ತಿ ದುಡ್ಡು ಕೊಡುತ್ತಾರೆ.

ಆದರೆ ಮುದ್ರೆ ನೋಡಿ ದುಡ್ಡು ಕೊಡಬೇಡಿ ಅಂತ ಭಾವನಿಗೆ ಹೇಳಿ. ಹಳೆ ಕೋವಿಯಲ್ಲಿ ಹೆಸರಿಗಿಂತ ಅದು ಹೇಗೆ ಬಳಕೆಯಾಗಿದೆ ಅನ್ನುವುದೇ ಮುಖ್ಯ, ಅದು ಮೈಮೇಲೆ ಕಾಣುತ್ತದೆ. ಕೈಗೆ ತೆಗೆದುಕೊಂಡ ಕೂಡಲೇ ಲಿವರ್ ಎಳೆದು ಒಳಗೆ ತೋಟೆ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಲಿ, ನಳಿಗೆಯ ಅಡಿಯಲ್ಲಿ ತೋಟೆ ತುಂಬಿಡುವ ಮ್ಯಾಗಜಿನ್ ಕೊಳವೆಯನ್ನೂ ಸೇರಿಸಿ. ಆಮೇಲೆ ಸ್ಕ್ರೂಗಳ ತಲೆ ನೋಡಲಿ. ಸ್ಕ್ರೂಡ್ರೈವರ್ ಜಾರಿ ತಲೆಯ ಸೀಳು ಕಿತ್ತು ಹೋಗಿದ್ದರೆ ಗೊತ್ತಿಲ್ಲದ ಕೈ ಒಳಗೆ ಬಿಚ್ಚಿದೆ ಅಂತಲೇ ಅರ್ಥ. ಲೋಹ ಮತ್ತು ಮರ ಕೂಡುವ ಕತ್ತಿನಲ್ಲಿ ಕೂದಲೆಳೆಯಷ್ಟು ಬಿರುಕು ಇದ್ದರೂ ಬೇಡ.

ಮಾರ್ಲಿನ್ ಆದರೆ ಇನ್ನೊಂದು ಜಾಗವನ್ನು ಟಾರ್ಚ್ ಹಿಡಿದು ನೋಡಲೇಬೇಕು. ಮ್ಯಾಗಜಿನ್ನಿನಿಂದ ಬಂದ ತೋಟೆಯನ್ನು ಮೇಲಕ್ಕೆ ಎತ್ತಿಕೊಡುವ ಉಕ್ಕಿನ ತುಂಡು ಇರುತ್ತದಲ್ವಾ, ಕ್ಯಾರಿಯರ್ ಅಂತಾರೆ, ಅದರ ಅಡಿಗೆ ಲಿವರಿನ ಮೂಲೆ ಪ್ರತಿ ಸಲ ಉಜ್ಜಿ ಉಜ್ಜಿ ಅಲ್ಲೊಂದು ಗೀರು ಬೀಳುತ್ತದೆ. ಗೀರು ಆಳವಾದರೆ ಕ್ಯಾರಿಯರ್ ಏಳುವ ಹೊತ್ತು ತಪ್ಪಿ, ಒಂದು ತೋಟೆ ಹೋಗುವ ಮೊದಲೇ ಎರಡನೆಯದು ಅದರ ಕೆಳಗೆ ನುಗ್ಗಿ ಎಲ್ಲ ಕಚ್ಚಿಕೊಂಡು ನಿಂತುಬಿಡುತ್ತದೆ. ರಿಪೇರಿ ಆಗದ ರೋಗ ಅಲ್ಲ, ಆದರೆ ಬೆಲೆ ಇಳಿಸಲು ಅದು ನ್ಯಾಯವಾದ ಕಾರಣ.

ನಳಿಗೆಯ ಬಾಯಿಯನ್ನೂ ಬಿಡಬಾರದು. ಮಾರ್ಲಿನ್ನಿನಲ್ಲಿ ಲಿವರಿನ ಒಂದು ಸ್ಕ್ರೂ ತೆಗೆದರೆ ನಳಿಗೆಯ ಹಿಂಬದಿ ಮುಚ್ಚುವ ಬೋಲ್ಟ್ ಹೊರಗೆ ಬರುತ್ತದೆ, ಹಿಂದಿನಿಂದ ಸಲಾಕೆ ಹಾಕಿ ತೊಳೆಯಬಹುದು. ರೊಸ್ಸಿ, ವಿಂಚೆಸ್ಟರಿನಲ್ಲಿ ಅದು ಅಷ್ಟು ಸುಲಭ ಅಲ್ಲ, ಹೆಚ್ಚಿನವರು ಬಾಯಿಂದಲೇ ಸಲಾಕೆ ತುರುಕುತ್ತಾರೆ. ವರ್ಷಗಟ್ಟಲೆ ಹಾಗೆ ಮಾಡಿದರೆ ಬಾಯಿ ಅಂಚು ಒಂದು ಬದಿಗೆ ಸವೆದು ಗುರಿ ಕೆಡುತ್ತದೆ. ಅಂಗಡಿಯವರ ಒಪ್ಪಿಗೆ ಕೇಳಿ ಐದಾರು ಡಮ್ಮಿ ತೋಟೆ ತುಂಬಿಸಿ ಲಿವರ್ ಆಡಿಸಿ ನೋಡಲಿ, ಒಮ್ಮೆ ನಿಧಾನಕ್ಕೆ, ಒಮ್ಮೆ ಬೀಸಾಗಿ. .38 ಅಳತೆಯ ಡಮ್ಮಿಯನ್ನೂ ಹಾಕಿ ನೋಡಬೇಕು, ಕೆಲವು ರೈಫಲ್ಲುಗಳು ಗಿಡ್ಡ ತೋಟೆಯನ್ನು ಸರಿಯಾಗಿ ನುಂಗುವುದಿಲ್ಲ.

ಕೊಳವೆ ಮ್ಯಾಗಜಿನ್ನಿಗೆ ಮೂತಿ ಚಪ್ಪಟೆ ಇರುವ ಗುಂಡೇ ಆಗಬೇಕು. ಅದರೊಳಗೆ ತೋಟೆಗಳು ಒಂದರ ಹಿಂದೆ ಒಂದು ಮಲಗುತ್ತವೆ, ಹಿಂದಿನದರ ಮೂತಿ ಮುಂದಿನದರ ಪ್ರೈಮರಿಗೆ, ಅಂದರೆ ತೋಟೆಯ ಬುಡದಲ್ಲಿ ಬೆಂಕಿ ಹತ್ತಿಸುವ ಬಟ್ಟಲಿಗೆ, ಒತ್ತಿಕೊಂಡಿರುತ್ತದೆ. ಚೂಪು ಗಟ್ಟಿ ಮೂತಿ ಇದ್ದರೆ ಒದೆತಕ್ಕೆ ಕೊಳವೆಯೊಳಗೇ ಸಿಡಿಯಬಹುದು.

ಮೂರರ ಸ್ಥಿತಿಯೂ ಒಂದೇ ಆಗಿದ್ದರೆ ನಾನು ಹಳೆ ಮಾರ್ಲಿನ್ ಹಿಡಿಯುತ್ತೇನೆ. ದುಡ್ಡು ನೋಡಬೇಕು ಅಂತಿದ್ದರೆ ರೊಸ್ಸಿ, ಅದರಲ್ಲಿ ಬೇಜಾರು ಮಾಡಿಕೊಳ್ಳುವಂಥದ್ದು ಏನಿಲ್ಲ.

ಪ್ರಶ್ನೆ: ಕೌಬಾಯ್ ಸಿನಿಮಾಗಳಲ್ಲಿ ಕೋಲ್ಟ್ .45 ರಿವಾಲ್ವರಿಗೂ ವಿಂಚೆಸ್ಟರಿಗೂ ಒಂದೇ ಬೆಲ್ಟಿನಿಂದ ತೋಟೆ ತೆಗೆದು ಹಾಕುತ್ತಾರೆ. ನಿಜವಾ?
– ಓದುಗರು, ಕುಂಬಳೆ

ಉತ್ತರ: .45ರಲ್ಲಿ ಆಗ ಅದು ಸಾಧ್ಯ ಇರಲಿಲ್ಲ. ಆ ಕಾಲದ .45 ಕೋಲ್ಟ್ ತೋಟೆಯ ಅಂಚು ತುಂಬ ಸಣ್ಣದು, ರೈಫಲ್ಲಿನ ಕೊಕ್ಕೆಗೆ ಸಿಕ್ಕಿ ಹೊರಗೆ ಬರುವಂತಿರಲಿಲ್ಲ, ವಿಂಚೆಸ್ಟರ್ ಆಗ ಅದಕ್ಕೆ ರೈಫಲ್ ಮಾಡಲೇ ಇಲ್ಲ. ನಿಜವಾದ ಜೋಡಿ .44-40. ವಿಂಚೆಸ್ಟರ್ 1873 ಅದರ ಜೊತೆಗೇ ಬಂತು, 1878ರಲ್ಲಿ ಕೋಲ್ಟ್ ಅದೇ ತೋಟೆಗೆ ರಿವಾಲ್ವರ್ ಕೊಟ್ಟಿತು. ಈಗ .45 ಕೋಲ್ಟ್ ಲಿವರ್ ರೈಫಲ್ಲುಗಳು ಸಿಗುತ್ತವೆ, ಅವೆಲ್ಲ ಇತ್ತೀಚಿನವು.

ಪ್ರಶ್ನೆ: ತೋಟಕ್ಕೆ ಕಾಡುಹಂದಿ ಉಪದ್ರ ಜಾಸ್ತಿ. ನಮ್ಮಲ್ಲೂ ಇಂತಹ ಜೋಡಿ ಇಟ್ಟುಕೊಳ್ಳಬಹುದಾ?
– ಓದುಗರು, ಮುಳ್ಳೇರಿಯ

ಉತ್ತರ: ಇಲ್ಲಿ ಆ ದಾರಿ ಇಲ್ಲ. ಹೊರದೇಶದ ಕೋವಿ ಆಮದು ಎಂಬತ್ತರ ದಶಕದಿಂದ ಸಾಮಾನ್ಯರಿಗೆ ಬಂದ್. ನಮ್ಮ ಸರಕಾರಿ ಕಾರ್ಖಾನೆಗಳ ರಿವಾಲ್ವರ್ ಹೆಚ್ಚಾಗಿ .32, ರೈಫಲ್ ಹೆಚ್ಚಾಗಿ .315. ಒಂದರ ತೋಟೆ ಇನ್ನೊಂದಕ್ಕೆ ಆಗುವುದಿಲ್ಲ. 2019ರ ತಿದ್ದುಪಡಿ ಆದ ಮೇಲೆ ಒಬ್ಬರಿಗೆ ಎರಡೇ ಕೋವಿ, ರಿವಾಲ್ವರಿಗಾಗಿ ಒಂದು ಜಾಗ ಸುಮ್ನೆ ಹಾಳು ಮಾಡಬೇಡಿ. ಹಂದಿಗೆ ರಿವಾಲ್ವರ್ ಉಪಯೋಗವೂ ಇಲ್ಲ.

ಬೆಳೆ ರಕ್ಷಣೆಗೆ 12 ಬೋರಿನ ಕೋವಿಯೇ ಸರಿ, ಒಂಟಿ ನಳಿಗೆ ಆದರೂ ಆದೀತು. ಲೈಸನ್ಸ್ ಇದ್ದ ಮಾತ್ರಕ್ಕೆ ಹೊಡೆಯುವಂತಿಲ್ಲ ಎಂಬುದು ನೆನಪಿರಲಿ. 2022ರ ಮೇ ತಿಂಗಳಲ್ಲಿ ಕೇರಳ ಸರಕಾರ ಹಂದಿ ಕೊಲ್ಲಲು ಅನುಮತಿ ಕೊಡುವ ಅಧಿಕಾರವನ್ನು ಪಂಚಾಯತು ಅಧ್ಯಕ್ಷರಿಗೆ ಕೊಟ್ಟಿತು. ಮೊದಲು ಅಲ್ಲಿಗೆ ದೂರು ಕೊಡಿ. ಕರೆಂಟು, ವಿಷ, ಸಿಡಿಮದ್ದು ಇದ್ಯಾವುದಕ್ಕೂ ಅನುಮತಿ ಇಲ್ಲ. ಹೊಸ ಲೈಸನ್ಸ್ ಬೇಕಾದರೆ ಕಾಸರಗೋಡು ವಿದ್ಯಾನಗರದ ಕಲೆಕ್ಟರೇಟಿನಲ್ಲಿ ವಿಚಾರಿಸಿ, ಬೆಳೆ ಹಾಳಾದ ಫೋಟೋ ಮತ್ತು ಜಾಗದ ತೆರಿಗೆ ರಶೀದಿ ಕೈಯಲ್ಲಿ ಹಿಡಿದುಕೊಂಡೇ ಹೋಗಿ.