ನೆರೆ ಮಳೆಯದ್ದೋ, ತೋಟದ್ದೋ?

ತೀರ್ಥಹಳ್ಳಿ ತಾಲ್ಲೂಕಿನ ಅಡಿಕೆ ಬೆಳೆಗಾರರೊಬ್ಬರು ಪತ್ರ ಬರೆದಿದ್ದಾರೆ. ಗದ್ದೆಗಳು ತೋಟವಾಗುತ್ತಿರುವ ಬಗ್ಗೆ ಹೋದ ಸಂಚಿಕೆಯಲ್ಲಿ ಬಂದ ಲೇಖನ ಅವರಿಗೆ ಸಿಟ್ಟು ತರಿಸಿದೆ. ಪತ್ರದ ಸಾರ ಇಷ್ಟು: “ಆಗುಂಬೆ ಕಡೆ ಹುಚ್ಚು ಮಳೆ ಹೊಯ್ದರೆ ತುಂಗೆಗೆ ನೆರೆ ಬರುತ್ತದೆ. ನಮ್ಮ ಅಜ್ಜನ ಕಾಲದಲ್ಲೂ ಬರುತ್ತಿತ್ತು. ನಾವು ಗದ್ದೆ ತೆಗೆದು ಅಡಿಕೆ ಹಾಕಿದ್ದಕ್ಕೂ ಅದಕ್ಕೂ ಏನು ಸಂಬಂಧ? ಪೇಟೆಯವರು ಹೊಳೆದಂಡೆಯಲ್ಲಿ ಮನೆ ಕಟ್ಟಿಕೊಂಡು ನಮ್ಮ ಮೇಲೆ ಗೂಬೆ ಕೂರಿಸುವುದು ಬೇಡ. ಅಂದಹಾಗೆ ನಾನೂ ಒಂದೂವರೆ ಎಕರೆ ಗದ್ದೆಗೆ ಅಡಿಕೆ ಇಡಬೇಕು ಅಂತಿದ್ದೇನೆ. ಇಡಬಾರದಾ?”

ಗೌಡರೆ, ನಿಮ್ಮ ಸಿಟ್ಟಿನಲ್ಲಿ ಅರ್ಧ ನ್ಯಾಯ ಇದೆ. ಮೊದಲು ಆ ಅರ್ಧದ ಮಾತು.

2019ರ ಆಗಸ್ಟ್‌ನಲ್ಲಿ, ಆಶ್ಲೇಷ ಮಳೆಗೆ, ಶಿವಮೊಗ್ಗದ ತಗ್ಗು ಬಡಾವಣೆಗಳಿಗೆ ತುಂಗೆ ನುಗ್ಗಿದ್ದು ನಿಮಗೂ ನೆನಪಿರಬೇಕು. ಅಂಥ ಮಳೆ ಹಗಲೂ ರಾತ್ರಿ ಬಿಡದೆ ಹಿಡಿದಾಗ ಎಂಥ ನೆಲವೂ ಕುಡಿಯುವಷ್ಟು ಕುಡಿದು ಕೈಚೆಲ್ಲುತ್ತದೆ. ಆಮೇಲೆ ಬೀಳುವ ನೀರನ್ನು ಕಾಡೂ ಹಿಡಿಯದು, ಗದ್ದೆಯೂ ಹಿಡಿಯದು, ತೋಟವೂ ಹಿಡಿಯದು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಕಾಣುವ ಆಗುಂಬೆಯ ನೆತ್ತಿಯಿಂದ ಇಳಿದು ಬರುವ ದೊಡ್ಡ ನೆರೆಯನ್ನು ನಿಮ್ಮ ಅಡಿಕೆ ಸಸಿಯ ಲೆಕ್ಕಕ್ಕೆ ಬರೆಯುವುದು ತಪ್ಪು. ಹೊಳೆಯ ಜಾಗದಲ್ಲಿ ಸೈಟು ಮಾಡಿ ಮಾರಿದವರ ಪಾಲೂ ಅದರಲ್ಲಿ ಇದ್ದೇ ಇದೆ. ಅಲ್ಲಿಗೆ ನಿಮ್ಮ ಅರ್ಧ ಮುಗಿಯಿತು.

ಈಗ ಇನ್ನರ್ಧ. ಗಾಜನೂರಿನ ತುಂಗಾ ಅಣೆಕಟ್ಟೆಯಲ್ಲಿ ಹಿಡಿಯುವುದು 3.24 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ ನೀರು). ಭದ್ರೆಗೆ 71 ಟಿಎಂಸಿ ದಾಟುವ ಜಲಾಶಯ ಇದೆ. ಶರಾವತಿಗೆ ಲಿಂಗನಮಕ್ಕಿಯ 151 ಟಿಎಂಸಿ ಇದೆ. ತುಂಗೆಗೆ ಅಂಥದ್ದೇನೂ ಇಲ್ಲ. ಮಳೆಗಾಲದಲ್ಲಿ ಗಾಜನೂರು ತುಂಬಿತು ಅಂದರೆ ಮುಗಿಯಿತು, ಬಂದಷ್ಟು ನೀರನ್ನು ಹಾಗೇ ಬಿಡಬೇಕು. ಕೋರ್ಪಲಯ್ಯನ ಛತ್ರದ ಹತ್ತಿರದ ಮಂಟಪ ಮುಳುಗಿತಾ ಅಂತ ಶಿವಮೊಗ್ಗದವರು ಸಾಲುಗಟ್ಟಿ ನೋಡಲು ಹೋಗುವುದು ಆಗಲೇ. ಹಾಗಾಗಿ ತುಂಗೆಯ ನೀರನ್ನು ಒಂದಿಷ್ಟು ಹೊತ್ತು ತಡೆದು ಬಿಡುವ ಕೆಲಸ ಆಗುವುದಿದ್ದರೆ ಅದು ಮೇಲಿನ ಗುಡ್ಡ, ಗದ್ದೆ, ಕೆರೆಗಳಲ್ಲೇ ಆಗಬೇಕು.

ಒಂದು ಲೆಕ್ಕ ನೋಡಿ. ಒಂದು ಎಕರೆ ಗದ್ದೆಯಲ್ಲಿ ನಾಲ್ಕಿಂಚು ನೀರು ನಿಂತರೆ ನಾಲ್ಕು ಲಕ್ಷ ಲೀಟರಿಗೆ ಸ್ವಲ್ಪ ಜಾಸ್ತಿ. ಹೀಗೆ ಎಪ್ಪತ್ತು ಸಾವಿರ ಎಕರೆ ಗದ್ದೆ ಸೇರಿದರೆ ಒಂದು ಟಿಎಂಸಿ, ಅಂದರೆ ಗಾಜನೂರಿನ ಮೂರನೇ ಒಂದು ಪಾಲು. ನಾಟಿಯಾದ ಗದ್ದೆಯಲ್ಲಿ ಮೊದಲೇ ನೀರಿರುತ್ತದಲ್ಲ ಅಂತ ನೀವು ಕೇಳಬಹುದು. ಇರುತ್ತದೆ. ಆದರೆ ಆ ನೀರಿನ ಮಟ್ಟಕ್ಕೂ ಅಂಚಿನ ತಲೆಗೂ ನಡುವೆ ನಾಲ್ಕು ಬೆರಳು ಜಾಗ ಉಳಿದಿರುತ್ತದೆ. ಮಳೆ ಜೋರಾದಾಗ ಮೊದಲು ತುಂಬುವುದು ಅದು. ಆಮೇಲೆ ಅಂಚಿನಲ್ಲಿ ನೀರು ಹೋಗಲು ಬಿಟ್ಟ ಕಂಡಿಯಿಂದ ಕೆಳಗಿನ ಗದ್ದೆಗೆ, ಅಲ್ಲಿಂದ ಅದರ ಕೆಳಗಿನದ್ದಕ್ಕೆ. ನೀರು ಹಳ್ಳ ಸೇರುವ ಹೊತ್ತಿಗೆ ಮಳೆಯ ಮೊದಲ ಅಬ್ಬರ ಕಳೆದಿರುತ್ತದೆ.

ತೋಟಕ್ಕೆ ಬೇಕಾದ್ದು ಇದಕ್ಕೆ ಪೂರಾ ಉಲ್ಟಾ. ಬುಡದಲ್ಲಿ ನೀರು ನಿಂತರೆ ಅಡಿಕೆ ಮರ ಬದುಕುವುದಿಲ್ಲ, ನಿಮಗೆ ನಾನು ಹೇಳಬೇಕಾ? ಅದಕ್ಕೇ ಎರಡು ಸಾಲಿಗೊಂದು ಬಸಿಗಾಲುವೆ ತೆಗೆದು ಬಿದ್ದ ನೀರನ್ನು ಬಿದ್ದ ಹಾಗೇ ಸಾಗಹಾಕುತ್ತೀರಿ. ತೋಟಕ್ಕೆ ಅದು ಸರಿ. ಹಳ್ಳಕ್ಕೆ ಮಾತ್ರ ಅಷ್ಟೂ ನೀರು ಒಟ್ಟಿಗೇ ಬರುತ್ತದೆ. ಬಯಲಲ್ಲಿ ಒಬ್ಬರು ಮಾಡಿದರೆ ಗೊತ್ತಾಗುವುದಿಲ್ಲ. ಇಡೀ ಬಯಲು ತೋಟವಾದ ಕಡೆ ಹಳ್ಳ ಏರುವುದೂ ಬೇಗ, ಇಳಿಯುವುದೂ ಬೇಗ. ಊರಿನ ಮೋರಿಗೆ ಹಾಕಿದ ಹ್ಯೂಮ್ ಪೈಪು ಹಳೆಯ ಲೆಕ್ಕದ್ದು. ಅದರ ಬಾಯಿಗೆ ನಾಲ್ಕು ಸೋಗೆ ಸಿಕ್ಕಿಕೊಂಡರೆ ರಸ್ತೆಯೇ ಹಳ್ಳ.

ಅಡಿಕೆಯನ್ನೇ ದೂರುವುದೂ ನನಗೆ ಇಷ್ಟವಿಲ್ಲ. ಕಣಿವೆಯ ಹಳೇ ತೋಟ, ಅದರ ತಲೆಯ ಮೇಲೆ ತೋಟಕ್ಕೆ ಸೊಪ್ಪು ಕೊಡುವ ಸೊಪ್ಪಿನ ಬೆಟ್ಟ, ಬುಡಕ್ಕೆಲ್ಲ ದರಗು, ಅಂದರೆ ಉದುರಿದ ಒಣ ಎಲೆ. ಈ ಏರ್ಪಾಡು ನೂರಾರು ವರ್ಷ ನಡೆದು ಬಂದದ್ದು. ಬೆಟ್ಟ ನೀರು ಕುಡಿಯುತ್ತಿತ್ತು, ತೋಟ ಬಸಿಯುತ್ತಿತ್ತು. ಈಗ ಬೆಟ್ಟ ಬೋಳಾಗಿದೆ. ತೋಟವೇ ಗುಡ್ಡ ಹತ್ತಿದೆ. ಜೆಸಿಬಿ ತಂದು ದರೆ (ಗುಡ್ಡದ ಕಡಿದಾದ ಮಗ್ಗುಲು) ಕಡಿದು, ಇಳಿಜಾರಿಗೆ ನೆಟ್ಟಗೆ ಕಾಲುವೆ ಎಳೆದರೆ ನೀರಿನ ಜೊತೆ ಮಣ್ಣೂ ಬರುತ್ತದೆ. ಶುಂಠಿಯದು ಇನ್ನೂ ಕಷ್ಟ. ಗುತ್ತಿಗೆಗೆ ಹಿಡಿದವರಿಗೆ ಒಂದು ಬೆಳೆ ಬಂದರೆ ಸಾಕು. ಕಾಡುಸೊಪ್ಪಿನ ಮುಚ್ಚಿಗೆಗೂ ಜಿಪುಣತನ ಮಾಡಿದರೆ, ಏರಿ ಮಾಡಿ ಸಡಿಲವಾದ ಮಣ್ಣು ಆರಿದ್ರಾ ಮಳೆಗೇ ಎದ್ದು ಹೊರಡುತ್ತದೆ. ಆ ಮಣ್ಣು ಹೋಗಿ ಕೂರುವುದು ಕೆಳಗಿನ ಕೆರೆಯಲ್ಲಿ. ಕೆರೆಯಲ್ಲಿ ಹೂಳು ಎಷ್ಟು ತುಂಬುತ್ತದೋ ಮುಂದಿನ ಮಳೆಗೆ ಅಷ್ಟು ಜಾಗ ಕಮ್ಮಿ, ಕೋಡಿ ಅಷ್ಟು ಬೇಗ.

ಅಕೇಶಿಯಾ ನೆಟ್ಟರೆ ಗುಡ್ಡ ಹಸಿರಾಯಿತಲ್ಲ ಅನ್ನುವವರೂ ಇದ್ದಾರೆ. ಪಕ್ಕದ ಉತ್ತರ ಕನ್ನಡದಲ್ಲಿ ನೀರು ಇಂಗುವ ವೇಗವನ್ನು ಸಂಶೋಧಕರು ಅಳೆದು ನೋಡಿದ್ದಾರೆ. ಹಾಳಾದ ಗುಡ್ಡದಲ್ಲೂ ಅಕೇಶಿಯಾ ನೆಡುತೋಪಿನಲ್ಲೂ ಅದು ಸಹಜ ಕಾಡಿಗಿಂತ ಕಮ್ಮಿಯೇ ಇತ್ತು. ದನದ ಗೊರಸು, ಯಂತ್ರದ ಚಕ್ರಕ್ಕೆ ಸಿಕ್ಕಿ ಒಮ್ಮೆ ಗಟ್ಟಿಯಾದ ನೆಲ ಮರ ನೆಟ್ಟ ಕೂಡಲೇ ಮೆತ್ತಗಾಗುವುದಿಲ್ಲ.

ಹಾಗಾಗಿ ನನ್ನ ತೀರ್ಮಾನ ಇಷ್ಟೇ: ತುಂಗೆಯ ದೊಡ್ಡ ನೆರೆ ಮಳೆಯದ್ದು. ನಿಮ್ಮೂರ ಹಳ್ಳದ ನೆರೆಯಲ್ಲಿ ನಿಮ್ಮ ಪಾಲಿದೆ. ಶಿವಮೊಗ್ಗದ ಮಂಟಪ ಮುಳುಗುವುದನ್ನು ನೀವು ತಪ್ಪಿಸಲಾರಿರಿ. ಕೆಳಮನೆಯವರ ಗದ್ದೆಗೆ ಮರಳು ಹೊಡೆಯುವುದನ್ನು ತಪ್ಪಿಸಬಹುದು.

ಇನ್ನು ನಿಮ್ಮ ಒಂದೂವರೆ ಎಕರೆ. ಭತ್ತ ಬೆಳೆದು ಕೈಸುಟ್ಟುಕೊಳ್ಳಿ ಅಂತ ಹೇಳಲು ನನಗೇನು ಹಕ್ಕು? ಆಳಿನ ಖರ್ಚೂ ಗೊತ್ತು, ಭತ್ತದ ರೇಟೂ ಗೊತ್ತು. ನೆರೆ ತಡೆಯುವ ಗದ್ದೆಗೆ ಸರ್ಕಾರ ಎಕರೆಗೆ ಇಷ್ಟು ಅಂತ ಕೊಡಬೇಕು ಎನ್ನುವುದು ನನ್ನ ವಾದ. ಅದು ಬರುವವರೆಗೆ ನೀವು ಕಾಯುವುದಿಲ್ಲ, ಗೊತ್ತು. ಅಡಿಕೆ ಇಡುವುದೇ ಆದರೆ ಹಳ್ಳಕ್ಕೆ ತಾಗಿದ ಕೊನೆಯ ಎರಡು ಮಡಿ ಗದ್ದೆಯನ್ನು ಗದ್ದೆಯಾಗೇ ಬಿಡಿ. ಮನೆಯ ಊಟಕ್ಕಾಯಿತು. ತೋಟದ ಕಾಲುವೆಗಳನ್ನು ನೇರ ಹಳ್ಳಕ್ಕೆ ಬಿಡಬೇಡಿ, ಆ ಗದ್ದೆಗೆ ಬಿಡಿ. ಅಲ್ಲಿ ಮಣ್ಣು ಕೂತು ತಿಳಿಯಾದದ್ದು ಕಂಡಿ ದಾಟಲಿ. ದಂಡೆಯ ವಾಟೆ, ಹೊಂಗೆ ಕಡಿಯಬೇಡಿ. ಮೇಲಿನ ಬೆಟ್ಟದ ದರಗು ಪೂರ್ತಿ ಗುಡಿಸಿ ತರಬೇಡಿ. ಗುಡ್ಡದ ನೆತ್ತಿಯಲ್ಲಿ ಇಂಗುಗುಂಡಿ ತೋಡಿಸಿ ಅಂತ ಎಲ್ಲರೂ ಹೇಳುತ್ತಾರೆ. ದರೆ ಕಡಿದ ಜಾಗದ ಮೇಲುಗಡೆ ಮಾತ್ರ ಅದು ಬೇಡ. ಕಡಿದ ದರೆಯೊಳಗೆ ನೀರು ಇಳಿಸಿದರೆ ಗುಡ್ಡ ಜರಿಯುತ್ತದೆ.

ಪತ್ರದ ಕೊನೆಯಲ್ಲಿ ಬೆಳೆವಿಮೆಯ ಬಗ್ಗೆ ಕೇಳಿದ್ದೀರಿ. ಅದಕ್ಕೆ ಇಲ್ಲಿ ಜಾಗ ಸಾಲದು, ಮುಂದಿನ ಸಂಚಿಕೆಯಲ್ಲಿ ಬರೆಯುತ್ತೇವೆ. ಅಷ್ಟರಲ್ಲಿ ನಿಮ್ಮ ಬಯಲಿನಲ್ಲಿ ಯಾರ ಗದ್ದೆ ತೋಟವಾಯಿತು, ಯಾರದ್ದು ಉಳಿದಿದೆ ಅಂತ ಕೈಯಲ್ಲೇ ಒಂದು ನಕ್ಷೆ ಬರೆದು ಕಳಿಸಿದರೆ ಅದನ್ನೂ ಹಾಕೋಣ.

– ಸಂ.